ಹತ್ತು ವಾರ ಬೆಂಚು, 20,000 ಡಾಲರ್ ಬಾಂಡ್, ‘ವೀಸಾ ಕ್ಯಾನ್ಸಲ್ ಮಾಡಿಸ್ತೀನಿ’ ಎಂಬ ಬೆದರಿಕೆ: ಎಚ್-1ಬಿ ನೌಕರ ಮೊದಲು ಏನು ಮಾಡಬೇಕು?

ಪ್ರಶ್ನೆ: ನ್ಯೂಜೆರ್ಸಿಯ ಸಣ್ಣ ಕನ್ಸಲ್ಟೆನ್ಸಿಯೊಂದರ ಮೂಲಕ ಎಚ್-1ಬಿ ವೀಸಾದಲ್ಲಿ ಅಮೆರಿಕಕ್ಕೆ ಬಂದೆ. ಹೊರಡುವ ಮೊದಲೇ ‘ವೀಸಾ ಖರ್ಚು’ ಎಂದು ಮಾಲೀಕರ ಸಂಬಂಧಿಕರ ಖಾತೆಗೆ 4 ಲಕ್ಷ ರೂಪಾಯಿ ಹಾಕಿಸಿಕೊಂಡರು. ಅಕ್ಟೋಬರ್ 5ರಂದು ಬಂದಿಳಿದೆ. ಮರುದಿನದಿಂದಲೇ ನ್ಯೂಜೆರ್ಸಿಯ ಗೆಸ್ಟ್ ಹೌಸ್‌ನಲ್ಲಿ ಇನ್ನೂ ಐದು ಜನರ ಜೊತೆ ಕೂರಿಸಿ ರೆಸ್ಯೂಮೆ ತಿದ್ದಿಸಿದರು, ಕ್ಲೈಂಟ್ ಇಂಟರ್‌ವ್ಯೂ ಕೊಡಿಸಿದರು. ಡಿಸೆಂಬರ್ 15ಕ್ಕೆ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ಪ್ರಾಜೆಕ್ಟ್ ಸಿಕ್ಕಿತು. ಅಲ್ಲಿಯವರೆಗೆ ಒಂದು ಡಾಲರ್ ಸಂಬಳವೂ ಇಲ್ಲ. ಎಲ್‌ಸಿಎಯಲ್ಲಿ (ಸಂಬಳ, ಊರು ಬರೆದು ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿ) ವರ್ಷಕ್ಕೆ 96,000 ಡಾಲರ್ ಎಂದಿದೆ, ಪೇಸ್ಲಿಪ್‌ನಲ್ಲಿ ತೆರಿಗೆಗೆ ಮುಂಚೆ ತಿಂಗಳಿಗೆ 6,000 ಮಾತ್ರ. 18 ತಿಂಗಳಿಗೆ ಮೊದಲು ಬಿಟ್ಟರೆ 20,000 ಡಾಲರ್ ಕಟ್ಟಬೇಕು ಎಂದು ಸಹಿ ಮಾಡಿಸಿಕೊಂಡಿದ್ದಾರೆ. ದೂರು ಕೊಟ್ಟರೆ ವೀಸಾ ಕ್ಯಾನ್ಸಲ್ ಎನ್ನುತ್ತಾರೆ. ಈಗ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಾನೇ ಸಂಬಳವಿಲ್ಲದ ರಜೆ ಕೇಳಿದ್ದೆ ಎಂಬ ಅರ್ಜಿಯನ್ನು ಕಳಿಸಿ ಸಹಿ ಹಾಕು ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಬೇರೆಲ್ಲ ಆಮೇಲೆ ನೋಡೋಣ, ಮೊದಲು ಆ ರಜೆ ಅರ್ಜಿಗೆ ಸಹಿ ಹಾಕಬೇಡಿ. ಪ್ರಾಜೆಕ್ಟ್ ಇಲ್ಲ ಎಂಬ ಕಾರಣಕ್ಕೆ ಕಂಪನಿ ಎಚ್-1ಬಿ ನೌಕರನನ್ನು ಸುಮ್ಮನೆ ಕೂರಿಸಿದರೆ (ಇದಕ್ಕೇ ‘ಬೆಂಚು’ ಎನ್ನುತ್ತಾರೆ) ಆ ದಿನಗಳಿಗೂ ಪೂರ್ತಿ ಸಂಬಳ ಕೊಡಲೇಬೇಕು. ತಪ್ಪಿಸಿಕೊಳ್ಳಲು ದಾರಿ ಇರುವುದು ಎರಡೇ: ನೌಕರ ತನ್ನ ಸ್ವಂತ ಕಾರಣಕ್ಕೆ ತಾನಾಗಿ ರಜೆ ಕೇಳಿರಬೇಕು, ಇಲ್ಲವೇ ಹೆರಿಗೆ, ಅಪಘಾತ ಮುಂತಾದ ಕಾರಣದಿಂದ ಕೆಲಸ ಮಾಡಲಾಗದ ಸ್ಥಿತಿಯಲ್ಲಿರಬೇಕು. ಹಿಂದಿನ ತಾರೀಖು ಹಾಕಿ ‘ಸ್ವಂತ ಕೋರಿಕೆಯ ರಜೆ’ ಬರೆಸಿಕೊಳ್ಳಲು ಯಾಕಿಷ್ಟು ಅವಸರ ಎಂಬುದು ಈಗ ತಿಳಿಯಿತಲ್ಲ. ಆ ಸಹಿಯ ಬೆಲೆ ಹದಿನೆಂಟು ಸಾವಿರ ಡಾಲರ್‌ಗೂ ಮೇಲೆ; ಲೆಕ್ಕ ಮುಂದಿದೆ. ಒತ್ತಾಯ ಮಾಡಿದರೆ ‘ಓದಿ ಹೇಳುತ್ತೇನೆ’ ಎಂದು ಕೆಲವು ದಿನ ತಳ್ಳಿ. ಅರ್ಜಿ ಬಂದ ಇಮೇಲನ್ನು ಮಾತ್ರ ಅಳಿಸಬೇಡಿ. ಅಕ್ಟೋಬರ್ ತಾರೀಖಿನ ಅರ್ಜಿಯನ್ನು ತಿಂಗಳುಗಳ ನಂತರ ಕಳಿಸಿದ್ದಾರೆ ಎಂಬುದಕ್ಕೆ ಆ ಇಮೇಲಿನ ದಿನಾಂಕವೇ ಸಾಕ್ಷಿ.

ಮಾಲೀಕರ ಕೈಯಲ್ಲಿ ಇರುವುದೇನು?

ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರುವ ವೀಸಾ ಅಮೆರಿಕದ ವಿದೇಶಾಂಗ ಇಲಾಖೆ ಕೊಟ್ಟದ್ದು. ದೇಶದೊಳಗೆ ಎಷ್ಟು ದಿನ ಇರಬಹುದು ಎಂಬುದು ಐ-94 ದಾಖಲೆಯಲ್ಲಿದೆ. ಕಂಪನಿಯದು ಎನ್ನಬಹುದಾದದ್ದು ಐ-129 ಪೆಟಿಷನ್ (ನಿಮ್ಮನ್ನು ಕೆಲಸಕ್ಕಿಟ್ಟುಕೊಳ್ಳಲು ಸರ್ಕಾರಕ್ಕೆ ಹಾಕಿದ ಅರ್ಜಿ) ಒಂದೇ. ವಲಸೆ ಸೇವೆಗಳ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಬರೆದು ಅದನ್ನು ವಾಪಸ್ ಪಡೆಯಬಹುದು. ಅದಕ್ಕಿಂತ ಹೆಚ್ಚಿನ ಅಧಿಕಾರ ಮಾಲೀಕರಿಗಿಲ್ಲ. ಡಿಪೋರ್ಟ್ ಮಾಡಿಸುವುದು, ಮತ್ತೆ ಅಮೆರಿಕಕ್ಕೆ ಕಾಲಿಡದಂತೆ ಮಾಡುವುದು ಎಲ್ಲ ಬಾಯಿಮಾತು.

ಕೆಲಸದಿಂದ ತೆಗೆದರೂ ಮರುದಿನವೇ ನೀವು ಅಕ್ರಮ ನಿವಾಸಿ ಆಗುವುದಿಲ್ಲ. 2017ರ ಜನವರಿ 17ರಿಂದ ಜಾರಿಯಲ್ಲಿರುವ ನಿಯಮ ಹೆಚ್ಚೆಂದರೆ 60 ದಿನಗಳ ಅವಕಾಶ ಕೊಡುತ್ತದೆ. ಐ-94 ಅದಕ್ಕಿಂತ ಮೊದಲೇ ಮುಗಿಯುವುದಾದರೆ ಅಲ್ಲಿಯವರೆಗೆ ಮಾತ್ರ. ಎಣಿಕೆ ಶುರುವಾಗುವುದು ಕೆಲಸ ಮುಗಿದ ಮರುದಿನದಿಂದ. ಸಾಮಾನ್ಯವಾಗಿ ಸಂಬಳ ಲೆಕ್ಕಕ್ಕೆ ಬಂದ ಕೊನೆಯ ದಿನವನ್ನೇ ಕೆಲಸದ ಕೊನೆಯ ದಿನ ಎಂದು ಹಿಡಿಯುತ್ತಾರೆ. ಈ ಅವಧಿಯಲ್ಲಿ ದುಡಿಯುವಂತಿಲ್ಲ, ಆದರೆ ಹೊಸ ಕಂಪನಿ ಪೆಟಿಷನ್ ಹಾಕಬಹುದು. ಯಾರೂ ಸಿಗದಿದ್ದರೆ ಐ-539 ಅರ್ಜಿ ಹಾಕಿ ಸಂದರ್ಶಕರ ಸ್ಥಾನಮಾನವನ್ನೋ, ಸಂಗಾತಿಯ ವೀಸಾ ಆಧರಿಸಿ ಎಚ್-4 ಸ್ಥಾನಮಾನವನ್ನೋ ಕೇಳಬಹುದು.

ಪೆಟಿಷನ್ ಅವಧಿ ಮುಗಿಯುವ ಮೊದಲು ಅವರಾಗಿ ತೆಗೆದರೆ ಊರಿಗೆ ವಾಪಸಾಗುವ ಪ್ರಯಾಣದ ಖರ್ಚು ಅವರದೇ. ನೀವಾಗಿ ಬಿಟ್ಟರೆ ಅದು ಸಿಗುವುದಿಲ್ಲ. ಇನ್ನೊಂದು ವಿಷಯ ಬಹಳ ಮಾಲೀಕರಿಗೂ ಗೊತ್ತಿರುವುದಿಲ್ಲ: ‘ನಾಳೆಯಿಂದ ಬರಬೇಡ’ ಎಂದ ಮಾತ್ರಕ್ಕೆ ಸಂಬಳದ ಹೊಣೆ ನಿಲ್ಲುವುದಿಲ್ಲ. ನೌಕರನಿಗೆ ತಿಳಿಸಬೇಕು, ಯುಎಸ್‌ಸಿಐಎಸ್‌ಗೆ ತಿಳಿಸಬೇಕು, ವಾಪಸ್ ಪ್ರಯಾಣದ ಖರ್ಚು ಕೊಡಲು ಮುಂದಾಗಬೇಕು. ಕಾರ್ಮಿಕ ಇಲಾಖೆಯ ಮೇಲ್ಮನವಿ ಮಂಡಳಿ 2006ರಲ್ಲಿ ಆಮ್ಟೆಲ್ ಪ್ರಕರಣದಲ್ಲಿ ಈ ಮೂರನ್ನೂ ಹೇಳಿದೆ. ನೀವು ಬೇರೆ ಕಂಪನಿ ಸೇರಿದರೆ ಮಾತ್ರ ಆ ಲೆಕ್ಕ ಅಲ್ಲಿಗೆ ಮುಗಿಯುತ್ತದೆ.

ಬಾಕಿ ಎಷ್ಟು?

ಸಂಬಳದ ಹೊಣೆ ಶುರುವಾಗುವುದು ಪ್ರಾಜೆಕ್ಟ್ ಸಿಕ್ಕ ದಿನದಿಂದಲ್ಲ. ಹೊರಗಿನಿಂದ ಬಂದವರಿಗೆ, ಏನೇ ಆಗಲಿ, ದೇಶ ಪ್ರವೇಶಿಸಿದ 30 ದಿನದೊಳಗೆ ಶುರುವಾಗಲೇಬೇಕು. ಅಮೆರಿಕದಲ್ಲೇ ಇದ್ದು ಸ್ಥಾನಮಾನ ಬದಲಿಸಿಕೊಂಡವರಿಗೆ ಈ ಗಡುವು 60 ದಿನ. ಆದರೆ ಇದು ಹೊರಗಿನ ಗಡುವು ಮಾತ್ರ. ನೌಕರ ಅದಕ್ಕೂ ಮೊದಲು ಕೆಲಸಕ್ಕೆ ತಯಾರಾಗಿ ಕಂಪನಿ ಹೇಳಿದಂತೆ ನಡೆಯಲು ತೊಡಗಿದರೆ ಆ ದಿನದಿಂದಲೇ ಕೆಲಸ ಶುರು ಎಂದು ಲೆಕ್ಕ. ಪ್ರಾಜೆಕ್ಟಿಗಾಗಿ ಕಾಯುವುದು, ತರಬೇತಿಗೆ ಹಾಜರಾಗುವುದು, ಕ್ಲೈಂಟ್ ಇಂಟರ್‌ವ್ಯೂಗೆ ಹೋಗುವುದು, ಲೈಸೆನ್ಸ್ ಪರೀಕ್ಷೆಗೆ ಓದುವುದು ಇವೆಲ್ಲವನ್ನೂ ನಿಯಮವೇ ಉದಾಹರಣೆಯಾಗಿ ಹೆಸರಿಸಿದೆ. ಗೆಸ್ಟ್ ಹೌಸ್‌ನಲ್ಲಿ ನಿಮ್ಮಿಂದ ಮಾಡಿಸಿದ್ದು ಅದನ್ನೇ.

96,000ವನ್ನು 52ರಿಂದ ಭಾಗಿಸಿದರೆ ವಾರಕ್ಕೆ 1,846 ಡಾಲರ್. ಅಕ್ಟೋಬರ್ 6ರಿಂದ ಡಿಸೆಂಬರ್ 15ರವರೆಗೆ ಸರಿಯಾಗಿ ಹತ್ತು ವಾರ, ಅಂದರೆ 18,461 ಡಾಲರ್. ‘ಗೆಸ್ಟ್ ಹೌಸ್‌ನಲ್ಲಿ ಕೆಲಸವೇನೂ ಇರಲಿಲ್ಲ’ ಎಂದು ಅವರು ವಾದಿಸಿ ಗೆದ್ದರೂ 30 ದಿನದ ಗಡುವು ನವೆಂಬರ್ 4ಕ್ಕೆ ಬೀಳುತ್ತದೆ. ಅಲ್ಲಿಂದ ಡಿಸೆಂಬರ್ 12ರ ಶುಕ್ರವಾರದವರೆಗೆ 29 ಕೆಲಸದ ದಿನ; ಗಂಟೆಗೆ 46.15 ಡಾಲರ್‌ನಂತೆ ಸುಮಾರು 10,700. ಇದಕ್ಕಿಂತ ಕೆಳಗೆ ಇಳಿಯುವ ಪ್ರಶ್ನೆಯೇ ಇಲ್ಲ. ಇನ್ನು ಪ್ರಾಜೆಕ್ಟ್ ಶುರುವಾದ ಮೇಲೆ ತಿಂಗಳಿಗೆ 8,000 ಬರಬೇಕಾದ ಕಡೆ 6,000 ಬಂದಿದೆ. ತಿಂಗಳಿಗೆ 2,000ದಂತೆ ಇವತ್ತಿನವರೆಗೆ ಸೇರಿಸಿ. ಎಲ್‌ಸಿಎಯಲ್ಲಿ ಸಂಬಳದ ಪಕ್ಕದಲ್ಲೇ ‘ಪ್ರಿವೇಲಿಂಗ್ ವೇಜ್’ ಎಂಬ ಇನ್ನೊಂದು ಅಂಕಿ ಇರುತ್ತದೆ, ಆ ಊರಿನಲ್ಲಿ ಆ ಹುದ್ದೆಗೆ ನಡೆಯುವ ದರ. ಆ ದರ, ಅಥವಾ ಅದೇ ಕೆಲಸ ಮಾಡುವ ತನ್ನ ಇತರ ನೌಕರರಿಗೆ ಕಂಪನಿ ಕೊಡುವ ಸಂಬಳ, ಇವೆರಡರಲ್ಲಿ ಹೆಚ್ಚಿನದು ಯಾವುದೋ ಅದನ್ನು ಕೊಡುವುದು ಕಾನೂನಿನ ಕಡ್ಡಾಯ.

ಗೆಸ್ಟ್ ಹೌಸ್ ಬಾಡಿಗೆ ಎಂದು ಸಂಬಳದಲ್ಲಿ ಹಿಡಿದುಕೊಂಡಿದ್ದರೆ ಅದಕ್ಕೆ ನೀವು ಒತ್ತಾಯವಿಲ್ಲದೆ ಬರೆದುಕೊಟ್ಟ ಒಪ್ಪಿಗೆ ಇರಬೇಕು, ಮೊತ್ತ ಮಾರುಕಟ್ಟೆ ದರ ಮೀರಿರಬಾರದು. ಆರು ಜನರನ್ನು ಒಂದು ಮನೆಯಲ್ಲಿಟ್ಟು ತಲಾ 800 ಡಾಲರ್ ಹಿಡಿದುಕೊಳ್ಳುವುದಕ್ಕೆ ಈ ಎರಡನೇ ಷರತ್ತೇ ಅಡ್ಡ ಬರುತ್ತದೆ.

4 ಲಕ್ಷ ರೂಪಾಯಿ

ಪೆಟಿಷನ್‌ಗೆ ಸಂಬಂಧಿಸಿದ ಖರ್ಚೆಲ್ಲ ಕಂಪನಿಯ ವ್ಯವಹಾರದ ಖರ್ಚು. ಎಲ್‌ಸಿಎ ಮತ್ತು ಪೆಟಿಷನ್ ತಯಾರಿಸಿದ ವಕೀಲರ ಫೀಸು, ತರಬೇತಿ ನಿಧಿಯ ಶುಲ್ಕ, 500 ಡಾಲರ್‌ನ ವಂಚನೆ ತಡೆ ಶುಲ್ಕ ಎಲ್ಲವೂ ಇದರಲ್ಲಿ ಬಂತು. ತರಬೇತಿ ನಿಧಿಯ ಶುಲ್ಕ 25 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಕಂಪನಿಗೆ 750 ಡಾಲರ್, ಉಳಿದವರಿಗೆ 1,500. ಇದನ್ನು ಯಾವುದೇ ರೂಪದಲ್ಲಿ ನೌಕರನಿಂದ ವಸೂಲಿ ಮಾಡುವುದನ್ನು ಕಾಯ್ದೆಯೇ ನೇರವಾಗಿ ನಿಷೇಧಿಸಿದೆ. ಕಾನ್ಸುಲೇಟ್‌ನ ವೀಸಾ ಅರ್ಜಿ ಶುಲ್ಕ, ಅಂಕಪಟ್ಟಿಗಳ ಅನುವಾದ, ಹೆಂಡತಿ ಮಕ್ಕಳ ಅರ್ಜಿ, ನಿಮ್ಮ ವಿಮಾನದ ಟಿಕೆಟ್ ಇವು ನಿಮ್ಮ ಪಾಲಿಗೆ ಬರಬಹುದು. ಕಾನ್ಸುಲೇಟ್ ಶುಲ್ಕ 2023ರ ಜೂನ್‌ನಿಂದ 205 ಡಾಲರ್. ಇವನ್ನೆಲ್ಲ ಎಷ್ಟು ಧಾರಾಳವಾಗಿ ಕೂಡಿಸಿದರೂ 4 ಲಕ್ಷದ ಹತ್ತಿರ ಬರುವುದಿಲ್ಲ.

ಸಂಬಂಧಿಕರ ಖಾತೆಗೆ ಹಾಕಿಸಿಕೊಂಡದ್ದು ‘ಕಂಪನಿ ಪಡೆದೇ ಇಲ್ಲ’ ಎನ್ನಲು. ಹಾಗಾಗಿ ದುಡ್ಡು ಕಳಿಸಿದ ರಸೀದಿಗಿಂತ, ಯಾವ ಖಾತೆಗೆ ಹಾಕಬೇಕು ಎಂದು ಮಾಲೀಕರೋ ಎಚ್‌ಆರ್‌ನವರೋ ಹೇಳಿದ ವಾಟ್ಸ್ಆ್ಯಪ್ ಸಂದೇಶಕ್ಕೆ ಬೆಲೆ ಹೆಚ್ಚು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಭಾರತದಲ್ಲಿ ವಿದೇಶಿ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಅವರ ಸೇವಾ ಶುಲ್ಕಕ್ಕೂ ಮಿತಿ ಇದೆ. ಮಧ್ಯದಲ್ಲಿ ಏಜೆಂಟ್ ಇದ್ದರೆ ಅಲ್ಲೂ ದೂರಿಗೆ ಅವಕಾಶವಿದೆ.

ಇಂಥ ವಸೂಲಿ ಬರೀ ಐಟಿ ಕನ್ಸಲ್ಟೆನ್ಸಿಗಳದ್ದಲ್ಲ. ಲೂಯಿಸಿಯಾನಾದ ಶಾಲೆಗಳಿಗೆ ಎಚ್-1ಬಿಯಲ್ಲೇ ಬಂದಿದ್ದ ಸುಮಾರು 350 ಫಿಲಿಪ್ಪೀನ್ಸ್ ಶಿಕ್ಷಕರಿಂದ ನೇಮಕಾತಿ ಸಂಸ್ಥೆ ತಲಾ ಸುಮಾರು 16,000 ಡಾಲರ್ ಕಿತ್ತಿತ್ತು. 2012ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯದ ಜ್ಯೂರಿ 45 ಲಕ್ಷ ಡಾಲರ್ ಪರಿಹಾರಕ್ಕೆ ತೀರ್ಪಿತ್ತಿತು.

ನಿಮಗೆ ಇನ್ನೂ ಹೇಳದಿರಬಹುದಾದ ಒಂದು ಆಟದ ಬಗ್ಗೆ ಈಗಲೇ ಎಚ್ಚರಿಸುತ್ತೇನೆ. ‘ಬೆಂಚಿನ ತಿಂಗಳುಗಳಿಗೆ ಪೇಸ್ಲಿಪ್ ಮಾಡಿಕೊಡುತ್ತೇವೆ, ಸಂಬಳದ ದುಡ್ಡು ಮತ್ತು ಎರಡೂ ಕಡೆಯ (ನೌಕರನ ಮತ್ತು ಕಂಪನಿಯ ಪಾಲಿನ) ತೆರಿಗೆ ನೀವೇ ಕೊಡಿ’ ಎನ್ನುತ್ತಾರೆ. ಪೇರೋಲ್ ಓಡಿಸುವುದು ಎಂದು ಇದಕ್ಕೆ ಹೆಸರು. ಒಪ್ಪಿದರೆ ಬಾಕಿ ಕೇಳುವ ದಾರಿ ನೀವೇ ಮುಚ್ಚಿದಂತೆ. ಜೊತೆಗೆ ಸುಳ್ಳು ಪೇಸ್ಲಿಪ್ಪನ್ನು ಸರ್ಕಾರದ ಮುಂದಿಟ್ಟ ಆರೋಪ ನಿಮ್ಮ ಮೇಲೂ ಬರುತ್ತದೆ. ಶೋಷಣೆಗೆ ಒಳಗಾದವನು ಪಾಲುದಾರನಾಗುವುದು ಇಲ್ಲಿ.

20,000 ಡಾಲರ್ ಬಾಂಡ್

ಒಪ್ಪಿದ ದಿನಕ್ಕಿಂತ ಮುಂಚೆ ಕೆಲಸ ಬಿಟ್ಟದ್ದಕ್ಕೆ ಎಚ್-1ಬಿ ನೌಕರನಿಂದ ದಂಡ ವಸೂಲಿ ಮಾಡುವಂತಿಲ್ಲ. ಆದರೆ ಕಾನೂನಿನಲ್ಲಿ ಒಂದು ಸಂದಿ ಇದೆ. ನಷ್ಟವನ್ನು ಮೊದಲೇ ನ್ಯಾಯವಾಗಿ ಅಂದಾಜಿಸಿ ಒಪ್ಪಂದದಲ್ಲಿ ಬರೆದ ಮೊತ್ತವಾದರೆ ಅದು ದಂಡವಲ್ಲ, ಪರಿಹಾರ. ಯಾವುದು ದಂಡ, ಯಾವುದು ಪರಿಹಾರ ಎಂಬುದನ್ನು ಆಯಾ ರಾಜ್ಯದ ಕಾನೂನಿನಂತೆ ತೀರ್ಮಾನಿಸುತ್ತಾರೆ. ಮೊತ್ತ ಹೇಗೆ ಬಂತು ಎಂಬ ವಿವರವೇ ಇಲ್ಲದಿದ್ದರೆ, 17 ತಿಂಗಳು ದುಡಿದು ಬಿಟ್ಟರೂ ಎರಡೇ ತಿಂಗಳಿಗೆ ಬಿಟ್ಟರೂ ಅದೇ 20,000 ಎಂದಿದ್ದರೆ, ಒಳಗೆ ಪೆಟಿಷನ್ ಖರ್ಚನ್ನೂ ಸೇರಿಸಿದ್ದರೆ ಅದನ್ನು ‘ಪರಿಹಾರ’ ಎಂದು ಉಳಿಸಿಕೊಳ್ಳುವುದು ಕಷ್ಟ. ಮೇಲಾಗಿ ಒಪ್ಪಂದವನ್ನು ಮೊದಲು ಮುರಿದವರು ಅವರು, ಸಂಬಳ ಕೊಡದೆ. ಈ ವಾದ ನಿಮ್ಮ ಪರ ಬಲವಾಗಿ ನಿಲ್ಲುತ್ತದೆ.

ಇಷ್ಟಿದ್ದರೂ ಕೆಲವು ಕಂಪನಿಗಳು ನಿಜಕ್ಕೂ ಕೋರ್ಟಿಗೆ ಹೋಗುತ್ತವೆ, ಉಳಿದ ನೌಕರರನ್ನು ಹೆದರಿಸುವುದಕ್ಕಾದರೂ. ಸಮನ್ಸ್ ಬಂದರೆ ‘ಬಾಂಡ್ ಹೇಗೂ ನಿಲ್ಲುವುದಿಲ್ಲ’ ಎಂದು ಮೂಲೆಗೆ ಹಾಕಬೇಡಿ. ನ್ಯೂಜೆರ್ಸಿಯಲ್ಲಿ ಸಾಮಾನ್ಯ ಸಿವಿಲ್ ದಾವೆಗೆ 35 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕೊಡದಿದ್ದರೆ ಏಕಪಕ್ಷೀಯ ತೀರ್ಪಾಗುತ್ತದೆ, ಆಮೇಲೆ ಬಾಂಡ್ ಎಷ್ಟು ದುರ್ಬಲವಾಗಿತ್ತು ಎಂದು ಕೇಳುವವರಿಲ್ಲ. ಉತ್ತರದ ಜೊತೆಗೇ ಬಾಕಿ ಸಂಬಳದ ಪ್ರತಿದಾವೆ ಹಾಕಿಸಿ. ಬಹುಪಾಲು ಇಂಥ ದಾವೆಗಳ ಬಿಸಿ ಅಲ್ಲಿಗೆ ಇಳಿಯುತ್ತದೆ.

ನಿಮ್ಮ ಕಡೆಯ ಬಿರುಕು: ಡಲ್ಲಾಸ್

ಕೆಲಸದ ಊರು ಡಲ್ಲಾಸ್ ಎಂಬುದನ್ನು ನೀವು ಪ್ರಶ್ನೆಯಲ್ಲಿ ಹೀಗೇ ಹೇಳಿ ದಾಟಿಬಿಟ್ಟಿದ್ದೀರಿ. ನನ್ನ ಲೆಕ್ಕದಲ್ಲಿ ನಿಮಗೆ ಅಪಾಯ ಇರುವುದು ಬಾಂಡ್‌ನಿಂದಲ್ಲ, ಇದರಿಂದ. ಎಲ್‌ಸಿಎ ಒಂದು ಊರಿಗೆ, ಅದರ ಸುತ್ತಲಿನ ಓಡಾಡುವ ದೂರಕ್ಕೆ ಮಾತ್ರ ಅನ್ವಯ. ಕೆಲಸದ ಜಾಗ ಆ ವ್ಯಾಪ್ತಿಯ ಹೊರಗೆ ಹೋದರೆ ಹೊಸ ಎಲ್‌ಸಿಎ ಪಡೆದು, ನೌಕರ ಅಲ್ಲಿ ಕೆಲಸ ಶುರುಮಾಡುವ ಮೊದಲೇ ತಿದ್ದುಪಡಿ ಪೆಟಿಷನ್ ಹಾಕಬೇಕು. ಯುಎಸ್‌ಸಿಐಎಸ್‌ನ ಮೇಲ್ಮನವಿ ಕಚೇರಿ 2015ರಲ್ಲಿ ಸಿಮಿಯೊ ಸಲ್ಯೂಷನ್ಸ್ ಪ್ರಕರಣದಲ್ಲಿ ಕೊಟ್ಟ ತೀರ್ಮಾನದ ನಂತರ ಈ ಬಗ್ಗೆ ಅನುಮಾನವೇ ಉಳಿದಿಲ್ಲ. ಕೆಲವೇ ವಾರಗಳ ಓಡಾಟಕ್ಕೆ ವಿನಾಯಿತಿ ಇದೆ, ತಿಂಗಳುಗಟ್ಟಲೆಯ ಪ್ರಾಜೆಕ್ಟಿಗೆ ಇಲ್ಲ.

ಅವರು ತಿದ್ದುಪಡಿ ಹಾಕಿದ್ದಾರೋ ಇಲ್ಲವೋ ತಿಳಿಯಲು ಜಗಳ ಬೇಕಿಲ್ಲ. ‘ಡ್ರೈವಿಂಗ್ ಲೈಸೆನ್ಸ್ ಕೆಲಸಕ್ಕೆ ಬೇಕು, ಡಲ್ಲಾಸ್ ವಿಳಾಸದ ಐ-797 ಮತ್ತು ಎಲ್‌ಸಿಎ ಪ್ರತಿ ಕಳಿಸಿ’ ಎಂದು ಒಂದು ಸಾದಾ ಇಮೇಲ್ ಹಾಕಿ. ಐ-797 ಎಂದರೆ ಪೆಟಿಷನ್ ಬಗ್ಗೆ ಯುಎಸ್‌ಸಿಐಎಸ್ ಕಳಿಸುವ ನೋಟಿಸು. ಎಲ್‌ಸಿಎ ಪ್ರತಿಯನ್ನು ಕೆಲಸಕ್ಕೆ ಸೇರುವ ದಿನದೊಳಗೆ ನಿಮಗೆ ಕೊಟ್ಟಿರಲೇಬೇಕು, ಹಾಗಾಗಿ ಕೇಳುವುದರಲ್ಲಿ ತಪ್ಪೇನಿಲ್ಲ. ಕ್ಲೈಂಟ್ ಕಚೇರಿಯ ಊಟದ ಕೋಣೆಯ ನೋಟಿಸ್ ಬೋರ್ಡನ್ನೂ ನೋಡಿ. ಕೆಲಸದ ಜಾಗ ಬೇರೆ ಕಂಪನಿಯದಾದರೂ ಅಲ್ಲಿ ಎಲ್‌ಸಿಎ ನೋಟಿಸ್ ಹಚ್ಚಬೇಕು ಅಥವಾ ವಿದ್ಯುನ್ಮಾನ ರೂಪದಲ್ಲಿ ತಿಳಿಸಬೇಕು. ಇದೂ ಸಾಲದಿದ್ದರೆ ಕಾರ್ಮಿಕ ಇಲಾಖೆ ಪ್ರಕಟಿಸುವ ಎಲ್‌ಸಿಎ ದತ್ತಾಂಶದಲ್ಲಿ ಕಂಪನಿಯ ಹೆಸರು, ಊರು, ಸಂಬಳ ಎಲ್ಲ ಸಿಗುತ್ತದೆ. ಕಂಪನಿ ಎಲ್‌ಸಿಎ ಕಾಗದಗಳನ್ನು ಇಟ್ಟಿರಬೇಕಾದ ‘ಪಬ್ಲಿಕ್ ಆಕ್ಸೆಸ್ ಫೈಲ್’ ಅನ್ನು ನೋಡುವ ಹಕ್ಕೂ ಯಾರಿಗಾದರೂ ಇದೆ. ನೀವೇ ಹೋಗಬೇಕೆಂದಿಲ್ಲ, ಸ್ನೇಹಿತರನ್ನು ಕಳಿಸಬಹುದು.

ತಿದ್ದುಪಡಿ ಹಾಕಿಲ್ಲ ಎಂದು ಗೊತ್ತಾದರೆ ಅದನ್ನು ಹೊಸ ಕಂಪನಿಯ ವಕೀಲರಿಂದ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಹೊಸ ಪೆಟಿಷನ್ ಒಪ್ಪಿಗೆಯಾಗಿ, ಒಳಗಿದ್ದುಕೊಂಡೇ ವಾಸ್ತವ್ಯ ಮುಂದುವರಿಸುವ ಕೋರಿಕೆ ಮಾತ್ರ ತಿರಸ್ಕಾರವಾಗಬಹುದು. ಆಗ ದೇಶ ಬಿಟ್ಟು ಹೊರಗಿಂದ ಬರಬೇಕಾಗುತ್ತದೆ. ದೇಶದ ಹೊರಗಿರುವವರಿಗಾಗಿ 2025ರ ಸೆಪ್ಟೆಂಬರ್ 21ರ ನಂತರ ಸಲ್ಲಿಸುವ ಹೊಸ ಪೆಟಿಷನ್‌ಗಳಿಗೆ 1,00,000 ಡಾಲರ್ ಕಟ್ಟಬೇಕೆಂಬ ಅಧ್ಯಕ್ಷರ ಘೋಷಣೆ ಬಂದ ಮೇಲೆ ಈ ‘ಹೋಗಿ ಬರುವುದು’ ಹಳೆಯ ಕಾಲದ ಹಾಗೆ ಸಲೀಸಲ್ಲ. ಆ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ವಕೀಲರನ್ನು ಕೇಳದೆ, ಸಿಟ್ಟಿನಲ್ಲಿ ಟಿಕೆಟ್ ಮಾಡಿಸಿಕೊಂಡು ಊರಿಗೆ ಹೊರಡಬೇಡಿ.

ವಕೀಲರು ಎಂದಾಗ ಒಂದು ಮಾತು: ನಿಮ್ಮ ಈಗಿನ ಪೆಟಿಷನ್ ಹಾಕಿದವರು ಕಂಪನಿ ನೇಮಿಸಿದ ವಕೀಲರು. ಅವರ ಬಳಿ ಮನಸ್ಸು ಬಿಚ್ಚಬೇಡಿ. ನಿಮ್ಮದೇ ಒಬ್ಬರನ್ನು ದುಡ್ಡು ಕೊಟ್ಟು ನೋಡಿ.

ಯಾವ ಕೆಲಸ ಮೊದಲು, ಯಾವುದು ಆಮೇಲೆ

ಇಂಥ ಪ್ರಕರಣಗಳು ಕೆಡುವುದು ಹೆಚ್ಚಾಗಿ ಕಾನೂನು ಇಲ್ಲದೆ ಅಲ್ಲ, ಕೆಲಸಗಳ ಸರದಿ ತಪ್ಪಿ. ಮೊದಲು ಜಗಳ, ಆಮೇಲೆ ರಾಜೀನಾಮೆ, ಕೊನೆಗೆ ಕಾಗದ ಹುಡುಕಾಟ ಎಂದಾದರೆ ಕಂಪನಿಯ ಇಮೇಲ್, ಟೈಮ್‌ಶೀಟ್ ಪೋರ್ಟಲ್ ಅಷ್ಟರಲ್ಲಿ ಮುಚ್ಚಿಹೋಗಿರುತ್ತದೆ.

ಆದ್ದರಿಂದ ಕಾಗದ ಮೊದಲು. ಆಫರ್ ಲೆಟರ್, ಬಾಂಡ್, ಎಲ್‌ಸಿಎ, ಐ-797, ಐ-94ರ ಪ್ರತಿ, ಎಲ್ಲ ಪೇಸ್ಲಿಪ್, ಡಬ್ಲ್ಯು-2 (ವರ್ಷದ ಸಂಬಳ, ತೆರಿಗೆಯ ಲೆಕ್ಕಪತ್ರ), ಸಂಬಳ ಬಂದ ಬ್ಯಾಂಕ್ ಖಾತೆಯ ವಿವರ, ಟೈಮ್‌ಶೀಟ್. ಇವು ನಿಮ್ಮ ಸ್ವಂತ ಇಮೇಲಿಗೆ ಅಥವಾ ಪೆನ್‌ಡ್ರೈವ್‌ಗೆ ಬರಲಿ. ಕ್ಲೈಂಟಿನ ಕೋಡ್, ಕಡತ ಮಾತ್ರ ಮುಟ್ಟಬೇಡಿ, ಅದನ್ನೇ ಕಳ್ಳತನ ಎಂದು ತಿರುಗಿಸುತ್ತಾರೆ. ಗೆಸ್ಟ್ ಹೌಸ್‌ನ ಹತ್ತು ವಾರಕ್ಕೆ ದಿನವಾರು ಪಟ್ಟಿ ಬರೆಯಿರಿ: ಯಾವ ದಿನ ಯಾರು ಯಾವ ಇಂಟರ್‌ವ್ಯೂಗೆ ಕೂರಿಸಿದರು, ಕ್ಯಾಲೆಂಡರ್ ಆಹ್ವಾನ ಇದೆಯೇ, ರೆಸ್ಯೂಮೆ ಯಾವ ತಾರೀಖಿಗೆ ಕಳಿಸಿದರು. ಜೊತೆಗಿದ್ದ ಐದು ಜನರ ಫೋನ್ ನಂಬರ್ ಇಟ್ಟುಕೊಳ್ಳಿ. ಒಬ್ಬನ ದೂರಿಗೂ ಮೂವರ ದೂರಿಗೂ ತನಿಖೆಯಲ್ಲಿ ಬಹಳ ವ್ಯತ್ಯಾಸವಿದೆ. ಮಾಲೀಕರ ಬೆದರಿಕೆಯ ಫೋನ್ ಕರೆ ರೆಕಾರ್ಡ್ ಮಾಡುವ ಮೊದಲು ರಾಜ್ಯದ ಕಾನೂನು ನೋಡಿ. ಟೆಕ್ಸಾಸ್, ನ್ಯೂಜೆರ್ಸಿಯಲ್ಲಿ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು, ಕ್ಯಾಲಿಫೋರ್ನಿಯಾದಲ್ಲಿ ಎಲ್ಲರದೂ ಬೇಕು.

ಎರಡನೆಯದು ಹೊಸ ಕೆಲಸ. ಹೊಸ ಕಂಪನಿಯ ಪೆಟಿಷನ್ ಸಲ್ಲಿಕೆಯಾದ ಕೂಡಲೇ, ಒಪ್ಪಿಗೆಗೆ ಕಾಯದೆ, ನೀವು ಅಲ್ಲಿ ಸೇರಬಹುದು. ಹಳೆಯ ಕಂಪನಿಯ ಅನುಮತಿ ಪತ್ರ, ರಿಲೀವಿಂಗ್ ಲೆಟರ್ ಯಾವುದೂ ಕಾನೂನಿಗೆ ಬೇಕಿಲ್ಲ. ಎಚ್-1ಬಿ ಆಯ್ಕೆಯ ಲಾಟರಿಯೂ ಮತ್ತೆ ಇಲ್ಲ. ಸಲ್ಲಿಕೆಯ ರಸೀದಿ ಕೈಗೆ ಬಂದ ಮೇಲೆ ರಾಜೀನಾಮೆ ಇಮೇಲ್ ಕಳಿಸಿ, ಅದಕ್ಕೆ ಮೊದಲು ಬೇಡ. ಹೊಸಬರು ಇತ್ತೀಚಿನ ಪೇಸ್ಲಿಪ್ ಕೇಳುತ್ತಾರೆ. ಡಿಸೆಂಬರ್ ನಂತರದವು ನಿಮ್ಮಲ್ಲಿವೆ. ಹೊಸ ಕಂಪನಿಯೂ ‘80–20 ಪರ್ಸೆಂಟೇಜ್, ಫೈಲಿಂಗ್ ಫೀಸ್ ನಿಮ್ಮದು’ (ಕ್ಲೈಂಟ್ ಕೊಡುವ ದುಡ್ಡಿನಲ್ಲಿ 80 ಪಾಲು ನಿಮಗೆ, 20 ಪಾಲು ಕಂಪನಿಗೆ) ಎಂದರೆ ಅಲ್ಲಿಗೆ ಹೋಗಿ ಸುಖವಿಲ್ಲ.

ಮೂರನೆಯದು ದೂರು. ಡಬ್ಲ್ಯುಎಚ್-4 ನಮೂನೆ ತುಂಬಿ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ ಕೊಡಬೇಕು, ಸಹಾಯವಾಣಿ 1-866-487-9243. ಫೀಸಿಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು ಕೊನೆಯ ಉಲ್ಲಂಘನೆ ನಡೆದ ದಿನದಿಂದ 12 ತಿಂಗಳು. ಕಡಿಮೆ ಸಂಬಳ ಈಗಲೂ ನಡೆಯುತ್ತಿರುವುದರಿಂದ ನಿಮಗೆ ಸಮಯವಿದೆ ಎನ್ನಿಸಬಹುದು. ಆದರೆ ಬೆಂಚಿನದು ಡಿಸೆಂಬರ್ ಮಧ್ಯಕ್ಕೇ ಮುಗಿದ ಬೇರೆ ಉಲ್ಲಂಘನೆ ಎಂದು ಅವರು ವಾದಿಸದಂತೆ ಮುಂದಿನ ಡಿಸೆಂಬರ್ ಆರಂಭದೊಳಗೆ ದೂರು ದಾಖಲಾಗಿರಲಿ. ಆ ದಿನ ಹತ್ತಿರ ಬಂದಿದ್ದರೆ ಹೊಸ ಕೆಲಸಕ್ಕೆ ಕಾಯದೆ ಮೊದಲು ದೂರು ಕೊಡಿ.

ದೂರು ಕೊಟ್ಟವರನ್ನು ತೆಗೆಯುವುದು, ಹೆದರಿಸುವುದು ಕಾನೂನುಬಾಹಿರ. ಮಾಲೀಕರ ಸೇಡಿನಿಂದ ಸ್ಥಾನಮಾನ ತಪ್ಪಿದ್ದರೆ ದೂರಿನ ಪ್ರತಿ ತೋರಿಸಿ ಅದನ್ನು ಮನ್ನಿಸುವಂತೆ ಯುಎಸ್‌ಸಿಐಎಸ್‌ ಅನ್ನು ಕೋರಬಹುದು. ಇಷ್ಟು ರಕ್ಷಣೆ ಇದ್ದರೂ ಹೊಸ ಪೆಟಿಷನ್ ಮೊದಲು ಎಂದು ಹೇಳುವುದಕ್ಕೆ ಕಾರಣ, ರಕ್ಷಣೆಯ ಆದೇಶ ಬರಲು ತಿಂಗಳುಗಳು ಬೇಕು, 60 ದಿನ ಮಾತ್ರ 60 ದಿನವೇ. ನಿಮ್ಮ ಹೆಸರನ್ನು ಗುಟ್ಟಾಗಿಡಲು ಇಲಾಖೆ ನೋಡುತ್ತದೆ, ಆದರೆ ಆರು ಜನರ ಗೆಸ್ಟ್ ಹೌಸ್‌ನಲ್ಲಿ ಯಾರು ಬರೆದದ್ದು ಎಂದು ಊಹಿಸುವುದು ಕಷ್ಟವಲ್ಲ.

‘ದುಡ್ಡು ಕೊಡದಿದ್ದರೆ ಇಮಿಗ್ರೇಷನ್‌ಗೆ ಹಿಡಿದುಕೊಡುತ್ತೇನೆ’ ಎಂದು ನೀವು ಬರೆಯಬೇಡಿ. ಅದನ್ನು ಬೆದರಿಸಿ ಹಣ ಕೇಳಿದ್ದು ಎಂದು ತಿರುಚಬಹುದು. ಕಾಗದ ಕೈಗೆ ಬಂದ ಮೇಲೆ ರಜೆ ಅರ್ಜಿಗೆ ಎರಡೇ ಸಾಲಿನ ಉತ್ತರ ಸಾಕು: ‘ಅಕ್ಟೋಬರ್ 6ರಿಂದ ನಾನು ಕೆಲಸಕ್ಕೆ ಲಭ್ಯನಿದ್ದೆ, ರಜೆ ಕೇಳಿರಲಿಲ್ಲ. ಆ ಅವಧಿಯ ಸಂಬಳ ಯಾವಾಗ ಬರುತ್ತದೆ ತಿಳಿಸಿ.’

ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದರೆ, ಹೊರಗೆ ಹೋಗಲು ಬಿಡದಿದ್ದರೆ, ಕಾನೂನಿನ ಹೆಸರಲ್ಲಿ ಹೆದರಿಸಿ ದುಡಿಸುತ್ತಿದ್ದರೆ ಅದು ಸಂಬಳದ ವ್ಯಾಜ್ಯ ಅಲ್ಲವೇ ಅಲ್ಲ, ಬಲವಂತದ ದುಡಿಮೆಯ ಅಪರಾಧ. ಅದಕ್ಕೆ ಮೇಲಿನ ಸರದಿ ಅನ್ವಯಿಸುವುದಿಲ್ಲ. ಮಾನವ ಕಳ್ಳಸಾಗಣೆ ತಡೆ ಸಹಾಯವಾಣಿ 1-888-373-7888ಕ್ಕೆ ತಕ್ಷಣ ಕರೆ ಮಾಡಿ.

ರಾಜ್ಯಗಳ ದಾರಿ ಬೇರೆ ಇದೆ. ಬೆಂಚಿನ ವಾರಗಳು ನ್ಯೂಜೆರ್ಸಿಯಲ್ಲಿ ಕಳೆದದ್ದು. ಅಲ್ಲಿ ಸಂಬಳದ ಬಾಕಿ ಕೇಳಲು ಆರು ವರ್ಷ ಅವಕಾಶ. ಟೆಕ್ಸಾಸ್‌ನ ಕಾರ್ಮಿಕ ಆಯೋಗಕ್ಕೆ ಹೋಗುವುದಾದರೆ ಸಂಬಳ ಬರಬೇಕಿದ್ದ ದಿನದಿಂದ 180 ದಿನ ಮಾತ್ರ. ಎಲ್‌ಸಿಎ ಉಲ್ಲಂಘನೆ ಎಂದು ನೌಕರನೇ ನೇರವಾಗಿ ಫೆಡರಲ್ ಕೋರ್ಟಿಗೆ ಹೋಗಲು ಆಗುವುದಿಲ್ಲ, ಅದು ಕಾರ್ಮಿಕ ಇಲಾಖೆಯ ಕೆಲಸ. ಒಪ್ಪಂದ ಮುರಿದದ್ದಕ್ಕೆ, ರಾಜ್ಯದ ವೇತನ ಕಾನೂನಿನ ಪ್ರಕಾರ ದಾವೆ ಹೂಡಬಹುದು.

‘ಇನ್ನೊಂದು ವರ್ಷ ತಾಳಿಕೋ, ಗ್ರೀನ್ ಕಾರ್ಡ್ ಫೈಲ್ ಮಾಡ್ತೀವಿ’ ಎಂಬ ಮಾತು ಈ ಹಂತದಲ್ಲಿ ಬರುವುದುಂಟು. ಮೊದಲ ಮೆಟ್ಟಿಲಾದ ಲೇಬರ್ ಸರ್ಟಿಫಿಕೇಷನ್ ಖರ್ಚು 2007ರಿಂದ ಕಂಪನಿಯೇ ಕೊಡಬೇಕು, ನಿಮ್ಮಿಂದ ಕೇಳಿದರೆ ಅದೂ ಉಲ್ಲಂಘನೆ. ಎರಡನೆಯ ಮೆಟ್ಟಿಲಾದ ಐ-140 ಪೆಟಿಷನ್ ಒಪ್ಪಿಗೆಯಾದ ಮೇಲೆ ಗ್ರೀನ್ ಕಾರ್ಡ್ ಸರದಿಯ ದಿನಾಂಕ ನಿಮ್ಮದು. 180 ದಿನ ಕಳೆದ ಮೇಲೆ ಕಂಪನಿ ಹಿಂಪಡೆದರೂ ಎಚ್-1ಬಿ ವಿಸ್ತರಣೆಗೆ ಅದು ಉಪಯೋಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಅದು ಬರೀ ಮಾತು.

ಕಂಪನಿಯೊಳಗಿನ ವರ್ಗಾವಣೆಯ ಎಲ್-1ರಲ್ಲಿ ಬಂದ ಓದುಗರು ಮೇಲಿನದ್ದನ್ನು ತಮಗೂ ಹಾಗೇ ಅನ್ವಯಿಸಿಕೊಳ್ಳಬೇಡಿ. ಎಲ್-1ಕ್ಕೆ ಎಲ್‌ಸಿಎ ಇಲ್ಲ, ಬೇರೆ ಕಂಪನಿಗೆ ಹೀಗೆ ದಾಟುವ ದಾರಿಯೂ ಇಲ್ಲ. ಕನಿಷ್ಠ ವೇತನ ಕಾನೂನು ಮಾತ್ರ ಯಾವ ವೀಸಾ ಆದರೂ ಅನ್ವಯ. ಎಲೆಕ್ಟ್ರಾನಿಕ್ಸ್ ಫಾರ್ ಇಮೇಜಿಂಗ್ ಕಂಪನಿ ತನ್ನ ಬೆಂಗಳೂರು ಕಚೇರಿಯಿಂದ ಎಂಟು ಜನರನ್ನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಕರೆಸಿ, ರೂಪಾಯಿಯ ಸಂಬಳದಲ್ಲೇ ವಾರಕ್ಕೆ 122 ಗಂಟೆವರೆಗೆ ದುಡಿಸಿತ್ತು. ಗಂಟೆಗೆ ಬಿದ್ದದ್ದು 1.21 ಡಾಲರ್. 2014ರಲ್ಲಿ ಕಾರ್ಮಿಕ ಇಲಾಖೆ 40,000 ಡಾಲರ್‌ಗೂ ಹೆಚ್ಚು ಬಾಕಿ ಕೊಡಿಸಿತು. ದಂಡ ಎಷ್ಟು ಗೊತ್ತೇ? 3,500 ಡಾಲರ್.

ದೂರು ಕೊಟ್ಟ ಮೇಲೆ ತನಿಖೆಗೆ ತಿಂಗಳುಗಳೇ ಹಿಡಿಯುತ್ತವೆ, ವರ್ಷ ದಾಟುವುದೂ ಉಂಟು. ಈ ನಡುವೆ ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 (ವಿಳಾಸ ಬದಲಾವಣೆಯ ನಮೂನೆ) ಮೂಲಕ ಯುಎಸ್‌ಸಿಐಎಸ್‌ಗೂ, ಬೇರೆಯಾಗಿ ತನಿಖಾಧಿಕಾರಿಗೂ ಹೊಸ ವಿಳಾಸ ತಿಳಿಸಿ. ಕೊನೆಗೆ ಇಲಾಖೆಯ ತೀರ್ಮಾನದ ಪತ್ರ ಬರುತ್ತದೆ. ಅದರಲ್ಲಿ ಹತ್ತು ವಾರದ ಬದಲು ಆರು ವಾರ ಮಾತ್ರ ಲೆಕ್ಕ ಹಿಡಿದಿದ್ದರೆ ಸುಮ್ಮನಿರಬೇಡಿ. ಪತ್ರದ ದಿನಾಂಕದಿಂದ 15 ದಿನದೊಳಗೆ ಆಡಳಿತಾತ್ಮಕ ನ್ಯಾಯಾಧೀಶರ ಮುಂದೆ ವಿಚಾರಣೆ ಕೋರುವ ಹಕ್ಕು ಕಂಪನಿಗೆ ಇರುವಂತೆ ನಿಮಗೂ ಇದೆ. ಹದಿನೈದು ದಿನದಲ್ಲಿ ಶನಿವಾರ, ಭಾನುವಾರವೂ ಸೇರುತ್ತವೆ.